ಫೋನಿನ ಆಚೆ ತುದಿಯಲ್ಲಿ ಯಾರು?

ಎಚ್.ಐ.ವಿ. ಎಂಬ ಮಾತೆತ್ತಿದರೆ ನಮ್ಮ ಊರುಗಳಲ್ಲಿ ಇಂದಿಗೂ ದನಿ ತಗ್ಗುತ್ತದೆ. ದೊಡ್ಡ ಮನುಷ್ಯರು ಮುಖ ತಿರುಗಿಸುತ್ತಾರೆ. ನಮ್ಮವರೇ ಕೆಲವರು, "ಕಾರ್ಮಿಕರ ಪತ್ರಿಕೆಗೆ ಈ ಉಸಾಬರಿ ಏಕೆ? ಬೋನಸ್ಸಿನ ಮಾತಾಡಿ, ಸಂತೆ ಸುಂಕದ ಮಾತಾಡಿ" ಎಂದಾರು. ಅವನ್ನೂ ಆಡುತ್ತೇವೆ, ಆಡುತ್ತಲೇ ಬಂದಿದ್ದೇವೆ. ಈ ವಾರ ಹೇಳಹೊರಟಿರುವುದು ಸಹ ದುಡಿಮೆಯ ಮತ್ತು ಕೂಲಿಯ ಪ್ರಶ್ನೆಯೇ ಆಗಿದೆ. ರೋಗಿಯ ಯೋಗಕ್ಷೇಮ ವಿಚಾರಿಸುವ ಕೆಲಸವನ್ನು ಮನುಷ್ಯನ ಕೈಯಿಂದ ತೆಗೆದು ಯಂತ್ರಕ್ಕೆ ಒಪ್ಪಿಸಿ, ಉಳಿದ ಸಂಬಳದ ಹಣವನ್ನು ಪ್ರಗತಿಯ ಖಾತೆಗೆ ಜಮಾ ಬರೆಯುವ ಚಾಳಿಯೊಂದು ದೇಶದಲ್ಲೆಲ್ಲ ಹಬ್ಬುತ್ತಿದೆ. ಆ ಚಾಳಿಗೆ ಮೊದಲು ಬಲಿಯಾಗುವವರು ಯಾರೆಂದರೆ, ಕೂಗಿ ಕೇಳಲಾರದವರು. ಎಚ್.ಐ.ವಿ. ಹೊತ್ತ ಹದಿವಯಸ್ಸಿನ ಹುಡುಗ ಹುಡುಗಿಯರಿಗಿಂತ ಬಾಯಿಲ್ಲದವರು ಈ ಸಮಾಜದಲ್ಲಿ ಮತ್ತಾರಿದ್ದಾರೆ?

ಇವರು ಯಾರು ಎಂಬುದನ್ನು ಮೊದಲು ತಿಳಿಯೋಣ. ಇವರಲ್ಲಿ ಬಹಳ ಮಂದಿ ತಾಯ ಹೊಟ್ಟೆಯಿಂದಲೇ ಈ ಸೋಂಕನ್ನು ಪಡೆದು ಬಂದವರು. ನಮ್ಮ ದೇಶದಲ್ಲಿ ಸರ್ಕಾರ ಈ ರೋಗಕ್ಕೆ ಪುಕ್ಕಟೆ ಔಷಧಿ ಕೊಡಲಾರಂಭಿಸಿದ್ದು 2004ರ ಏಪ್ರಿಲ್ 1ರಂದು. ಅದಕ್ಕೆ ಮುನ್ನ ಹುಟ್ಟಿದ ಮಕ್ಕಳ ತಂದೆತಾಯಿಗಳಲ್ಲಿ ಎಷ್ಟೋ ಜನ ಔಷಧಿ ಕಾಣದೆ ಸತ್ತರು. ಮಕ್ಕಳು ಅಜ್ಜಿಯ ಮನೆಯಲ್ಲೋ, ಚಿಕ್ಕಪ್ಪನ ಮನೆಯಲ್ಲೋ, ಅನಾಥಾಲಯದಲ್ಲೋ ಬೆಳೆದರು. 2017ರ ಎಚ್.ಐ.ವಿ. ಕಾನೂನಿನಲ್ಲಿ ಒಂದು ವಿಚಿತ್ರವಾದ ಕಲಮು ಇದೆ: ಸೋಂಕು ತಟ್ಟಿದ ಕುಟುಂಬದಲ್ಲಿ ಸಂಸಾರ ನಡೆಸುತ್ತಿರುವ ಮಗುವಿಗೆ 12 ವರ್ಷ ತುಂಬಿದ್ದು, ತಕ್ಕ ತಿಳಿವಳಿಕೆ ಇದ್ದರೆ, ಅದೇ ತನ್ನ ತಮ್ಮ ತಂಗಿಯರಿಗೆ ಪೋಷಕ ಆಗಬಹುದು. ಪಾರ್ಲಿಮೆಂಟಿನಲ್ಲಿ ಕೂತವರಿಗೇ ಇಂಥ ಕಲಮು ಬರೆಯಬೇಕಾಗಿ ಬಂತೆಂದರೆ ಈ ಮನೆಗಳ ಸ್ಥಿತಿ ಏನಿರಬೇಕೆಂದು ಊಹಿಸಿಕೊಳ್ಳಿ. ಆ ಮಕ್ಕಳು ಈಗ ಬೆಳೆದು ಗಿರಣಿಗೆ, ಗಾರ್ಮೆಂಟ್ಸಿಗೆ, ಅಂಗಡಿ ಗಲ್ಲಾಕ್ಕೆ, ಗ್ಯಾರೇಜಿಗೆ ಬಂದಿದ್ದಾರೆ. ನಿಮ್ಮ ಪಕ್ಕದ ಮಗ್ಗದಲ್ಲಿ ಇರಬಹುದು. ನಿಮಗೆ ತಿಳಿದಿಲ್ಲ, ತಿಳಿಯಬೇಕಾದ ಅಗತ್ಯವೂ ಇಲ್ಲ.

"ಮಾಡಿದ್ದುಣ್ಣೋ ಮಹಾರಾಯ" ಎನ್ನುವ ಧರ್ಮಾತ್ಮರು ಈ ಮಕ್ಕಳು ಮಾಡಿದ್ದೇನೆಂದು ಹೇಳಲಿ. ಹಾಗೆಂದು ಇನ್ನಿತರ ರೀತಿಯಲ್ಲಿ ಸೋಂಕು ತಗುಲಿಸಿಕೊಂಡ ಯುವಕರನ್ನು ನಾವು ಬೇರೆ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಹತ್ತಿಯ ಧೂಳು ಕುಡಿದು ಎದೆ ಕೆಟ್ಟವನನ್ನು ನಿನ್ನ ನಡತೆ ಹೇಗಿತ್ತಪ್ಪಾ ಎಂದು ಯಾವ ಕಾರ್ಮಿಕ ಸಂಘವೂ ಕೇಳಿಲ್ಲ. ಇಲ್ಲಿಯೂ ಕೇಳತಕ್ಕದ್ದಲ್ಲ.

ಇಂದು ಈ ರೋಗಕ್ಕೆ ಹೆದರಿ ಸಾಯಬೇಕಾಗಿಲ್ಲ. ಸಾಮಾನ್ಯವಾಗಿ ದಿನಕ್ಕೊಂದು ಗುಳಿಗೆ ತಪ್ಪದೆ ನುಂಗಿದರೆ ರಕ್ತದಲ್ಲಿ ವಿಷಾಣು ಪರೀಕ್ಷೆಗೂ ಸಿಕ್ಕದಷ್ಟು ಕುಗ್ಗುತ್ತದೆ. ಹಾಗೆ ಕುಗ್ಗಿ ನಿಂತವರಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಲ್ಲಿರುವ ತಾಯಿ ಸೋಂಕಿಲ್ಲದ ಮಗುವನ್ನು ಹೆರಬಲ್ಲಳು. ವಿಜ್ಞಾನ ತನ್ನ ಕೆಲಸವನ್ನು ಮಾಡಿ ಮುಗಿಸಿದೆಯೆಂದೇ ಹೇಳಬಹುದು. ಆದರೆ ಆ ಗುಳಿಗೆಯನ್ನು ಪ್ರತಿದಿನ, ವರ್ಷಾನುಗಟ್ಟಲೆ, ಜೀವಮಾನವಿಡೀ ನುಂಗಬೇಕು. ಮುರಿದು ಬೀಳುವುದು ಇಲ್ಲಿಯೇ, ಅದರಲ್ಲಿಯೂ ಹದಿನೈದರಿಂದ ಇಪ್ಪತ್ತರ ವಯಸ್ಸಿನಲ್ಲಿ. ಹಾಸ್ಟೆಲಿನಲ್ಲಿ ಗುಳಿಗೆಯ ಡಬ್ಬಿ ಗಲಗಲ ಸದ್ದು ಮಾಡಿದರೆ ಪಕ್ಕದವನು "ಏನದು?" ಎನ್ನುತ್ತಾನೆ. ರಾತ್ರಿ ಪಾಳಿಯಿಂದ ಬೆಳಗಿನ ಪಾಳಿಗೆ ಹಾಕಿದರೆ ಹೊತ್ತು ತಪ್ಪುತ್ತದೆ. ಔಷಧಿ ತರಲು ಎ.ಆರ್.ಟಿ. ಕೇಂದ್ರಕ್ಕೆ ಹೋಗಬೇಕೆಂದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಮೇಸ್ತ್ರಿಗೆ ಸುಳ್ಳು ಹೇಳಬೇಕು. ಹುಡುಗಿಗೆ ಗಂಡು ನೋಡುತ್ತಾರೆ. ಇಷ್ಟು ದಿನ ಅಜ್ಜಿ "ಇದು ಶಕ್ತಿಯ ಗುಳಿಗೆ" ಎಂದು ನುಂಗಿಸುತ್ತಿದ್ದಳು. ಒಂದು ದಿನ ಹುಡುಗ ಡಬ್ಬಿಯ ಮೇಲಿನ ಹೆಸರನ್ನು ಓದಿ ಮೊಬೈಲಿನಲ್ಲಿ ಹುಡುಕಿ ನೋಡುತ್ತಾನೆ. ಅಂದು ಅವನು ಯಾರ ಬಳಿ ಹೋಗಿ ಅಳಬೇಕು?

ಈ ಪ್ರಶ್ನೆಗೆ ನಮ್ಮ ಕಾಲದ ಆಳುವವರ ಉತ್ತರ ಸಿದ್ಧವಾಗಿದೆ: ಮೊಬೈಲ್ ಫೋನು. ಎಲ್ಲರ ಜೇಬಿನಲ್ಲಿಯೂ ಫೋನಿದೆಯಷ್ಟೆ. ಆದ್ದರಿಂದ ಯಂತ್ರವೊಂದರಿಂದ ಕರೆ ಹೋಗಲಿ, ಸಂದೇಶ ಹೋಗಲಿ, ಆ್ಯಪ್ ಒಂದನ್ನು ಇಳಿಸಿಕೊಳ್ಳಲಿ, ಗುಳಿಗೆಯ ನೆನಪಾಗುತ್ತದೆ, ಕೆಲಸ ಮುಗಿಯಿತು. ಎಷ್ಟು ಅಗ್ಗ! ಯಂತ್ರ ಭತ್ಯೆ ಕೇಳುವುದಿಲ್ಲ, ಸಂಘ ಕಟ್ಟುವುದಿಲ್ಲ, ಹೆರಿಗೆ ರಜೆ ಹಾಕುವುದಿಲ್ಲ.

ಈ ಉಪಾಯವನ್ನು ನಮ್ಮಲ್ಲಿಯೇ ತೂಗಿ ನೋಡಲಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಮುಂದಾಗಿ, ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ, ಹೊಸದಾಗಿ ಔಷಧಿ ಆರಂಭಿಸಿದ 631 ಮಂದಿ ವಯಸ್ಕರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ವಾರಕ್ಕೊಮ್ಮೆ ಯಂತ್ರದ ಕರೆಯೂ ಒಂದು ಚಿತ್ರಸಂದೇಶವೂ ಹೋಗುತ್ತಿತ್ತು. ಇನ್ನೊಂದು ಪಾಲಿಗೆ ಎಂದಿನ ಚಿಕಿತ್ಸೆ ಮಾತ್ರ. ಸುಮಾರು ಎರಡು ವರ್ಷ ಕಾದು ನೋಡಿದರು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅಚ್ಚಾಯಿತು. ಯಂತ್ರದ ಕರೆ ಬಂದವರಿಗೂ ಬಾರದವರಿಗೂ ವಿಷಾಣು ಮತ್ತೆ ತಲೆಯೆತ್ತುವ ವಿಷಯದಲ್ಲಿ ಗಣನೀಯ ವ್ಯತ್ಯಾಸವೇನೂ ಕಂಡುಬರಲಿಲ್ಲ. ಲಾಭವಾಗಲಿಲ್ಲವೆಂದು ಮುಚ್ಚಿಡದೆ ಹೇಳಿದ ಆ ವೈದ್ಯರಿಗೆ ನಮ್ಮ ನಮಸ್ಕಾರ. ಮಂತ್ರಿಗಳು ಯೋಜನೆಯೊಂದರ ಉದ್ಘಾಟನೆಯ ದಿನವೇ ಅದರ ಯಶಸ್ಸನ್ನೂ ಘೋಷಿಸುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಈಗ ಆಫ್ರಿಕ ಖಂಡದ ಕೆನ್ಯಾ ದೇಶಕ್ಕೆ ಬನ್ನಿ. ಅಲ್ಲಿಯೂ ಇಂಥದೇ ಪರೀಕ್ಷೆ ನಡೆದು, ಫಲಿತಾಂಶ 2010ರಲ್ಲಿ ಪ್ರಕಟವಾಯಿತು. 538 ರೋಗಿಗಳು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಒಂದೇ ಒಂದು ಪದ ಹೋಗುತ್ತಿತ್ತು: "ಮಾಂಬೊ?" ಸ್ವಾಹಿಲಿ ಭಾಷೆಯಲ್ಲಿ ಇದಕ್ಕೆ "ಹೇಗಿದ್ದೀರಿ?" ಎಂದು ಅರ್ಥ. ಔಷಧಿಯ ಹೆಸರಿಲ್ಲ, ರೋಗದ ಹೆಸರಿಲ್ಲ. ಯಾರು ಓದಿದರೂ ಗುಟ್ಟು ಬಯಲಾಗದು. "ಸಾವಾ" ಎಂದರೆ ಸರಿಯಿದ್ದೇನೆ. "ಶೀಡಾ" ಎಂದರೆ ತೊಂದರೆಯಲ್ಲಿದ್ದೇನೆ. ಎರಡು ದಿನದೊಳಗೆ ಈ ಎರಡರಲ್ಲೊಂದನ್ನು ಉತ್ತರಿಸಬೇಕು. ಶೀಡಾ ಎಂದವರಿಗೆ, ಉತ್ತರವನ್ನೇ ಕೊಡದವರಿಗೆ, ಆಸ್ಪತ್ರೆಯ ದಾದಿಯೋ ಅಧಿಕಾರಿಯೋ ತಾವಾಗಿ ಫೋನು ಮಾಡಿ "ಏನಾಯಿತಮ್ಮಾ?" ಎಂದು ಕೇಳುತ್ತಿದ್ದರು. ವರ್ಷದ ಕೊನೆಗೆ ಸಂದೇಶ ಪಡೆದವರಲ್ಲಿ ನೂರಕ್ಕೆ 57 ಮಂದಿಯ ವಿಷಾಣು ಅಡಗಿತ್ತು, ಪಡೆಯದವರಲ್ಲಿ 48.

ಎರಡು ಪರೀಕ್ಷೆಗಳ ರೋಗಿಗಳೂ ಬೇರೆ, ಚಿಕಿತ್ಸಾಲಯಗಳೂ ಬೇರೆ. ಒಂದರ ಪಕ್ಕಕ್ಕೆ ಇನ್ನೊಂದನ್ನಿಟ್ಟು ಗಣಿತದ ಹಾಗೆ ಕಳೆಯುವುದು ಸಲ್ಲದೆಂದು ಬಲ್ಲವರು ಹೇಳಿಯಾರು. ಒಪ್ಪೋಣ. ಆದರೂ ಕಣ್ಣಿಗೆ ಹೊಡೆಯುವಂಥ ಒಂದು ಭೇದವಿದೆ. ಬೆಂಗಳೂರಿನ ಯಂತ್ರ ನೆನಪಿಸಿತು. ಕೆನ್ಯಾದ ದಾದಿ ವಿಚಾರಿಸಿದಳು. ಗುಳಿಗೆ ಬಿಟ್ಟವನು ಬಹುಮಟ್ಟಿಗೆ ಮರೆತು ಬಿಟ್ಟಿರುವುದಿಲ್ಲ. ಹೆದರಿ ಬಿಟ್ಟಿರುತ್ತಾನೆ, ಬೇಸತ್ತು ಬಿಟ್ಟಿರುತ್ತಾನೆ, ಬಸ್ ಚಾರ್ಜಿಗೆ ಕಾಸಿಲ್ಲದೆ ಬಿಟ್ಟಿರುತ್ತಾನೆ. ಅಂಥವನಿಗೆ ಗಂಟೆ ಬಾರಿಸಿದರೆ ಪ್ರಯೋಜನವೇನು?

ಇವು ವಯಸ್ಕರ ಮಾತಾಯಿತು. ಹುಡುಗರ ವಿಷಯದಲ್ಲಿ ದಾರಿ ತೋರಿಸಿರುವವರು ಜಿಂಬಾಬ್ವೆಯವರು. ಹಣದುಬ್ಬರದಿಂದ ನೋಟಿಗೆ ಬೆಲೆಯೇ ಹೋಗಿ, 2009ರಲ್ಲಿ ಸ್ವಂತ ನಾಣ್ಯವನ್ನೇ ಕೈಬಿಡಬೇಕಾಗಿ ಬಂದ ಬಡ ದೇಶ ಅದು. ಅಲ್ಲಿಯ ರಾಜಧಾನಿ ಹರಾರೆಯಲ್ಲಿ 2004ರಲ್ಲಿ ಎಚ್.ಐ.ವಿ. ಇರುವ ಕೆಲವೇ ಹುಡುಗ ಹುಡುಗಿಯರ ಒಂದು ಕೂಟ ಆರಂಭವಾಯಿತು. ಹೆಸರು ‘ಜ್ವಂದಿರಿ’. ಶೋನಾ ಭಾಷೆಯ ಆ ಮಾತಿಗೆ "ನಾನಿರುವಂತೆಯೇ" ಎಂದರ್ಥ. ಆ ಕೂಟ ಬೆಳೆದು ದೇಶದ ಆರೋಗ್ಯ ವ್ಯವಸ್ಥೆಯ ಒಂದು ಅಂಗವೇ ಆಯಿತು. ಇದರ ಬೆನ್ನೆಲುಬು 18ರಿಂದ 24 ವರ್ಷದ ತರುಣ ತರುಣಿಯರು. ಅವರಿಗೂ ಎಚ್.ಐ.ವಿ. ಇದೆ. ತರಬೇತಿ ಕೊಟ್ಟು, ಫೋನು ಕೊಟ್ಟು, ಸೈಕಲ್ಲು ಕೊಟ್ಟು, ಸಣ್ಣದೊಂದು ಭತ್ಯೆಯನ್ನೂ ಕೊಟ್ಟು ಇವರನ್ನು ಚಿಕಿತ್ಸಾಲಯಗಳಿಗೆ ಸೇರಿಸುತ್ತಾರೆ. ಒಬ್ಬೊಬ್ಬರಿಗೆ ಇಷ್ಟಿಷ್ಟು ಹುಡುಗರ ಹೊಣೆ. ಸಂದೇಶ ಕಳಿಸುವುದು, ಫೋನಿನಲ್ಲಿ ಮಾತಾಡುವುದು, ಉತ್ತರ ಬಾರದಿದ್ದರೆ ಸೈಕಲ್ಲು ತುಳಿದು ಮನೆಗೇ ಹೋಗುವುದು, ತಿಂಗಳಿಗೊಮ್ಮೆ ಎಲ್ಲರೂ ಒಂದೆಡೆ ಕೂಡುವುದು. ವಿಷಾಣು ಏರಿದವರ ಮೇಲೆ ಹೆಚ್ಚು ಗಮನ.

ಇದನ್ನೂ ಪರೀಕ್ಷೆಗೆ ಒಡ್ಡಿದರು. ಬಿಂದುರಾ ಮತ್ತು ಶಾಂವಾ ಎಂಬ ಎರಡು ಜಿಲ್ಲೆಗಳ 16 ಚಿಕಿತ್ಸಾಲಯಗಳು. 13ರಿಂದ 19 ವರ್ಷದವರು. ಅರ್ಧ ಚಿಕಿತ್ಸಾಲಯಗಳಲ್ಲಿ ಎಂದಿನ ಉಪಚಾರ, ಇನ್ನರ್ಧದಲ್ಲಿ ಅದರೊಡನೆ ಜ್ವಂದಿರಿ. 96 ವಾರಗಳಾದ ಮೇಲೆ, ವಿಷಾಣು ಹತೋಟಿ ತಪ್ಪಿದವರು ಅಥವಾ ಸತ್ತವರು ಎಂದಿನ ಉಪಚಾರದ ಕಡೆ ನೂರಕ್ಕೆ 36. ಜ್ವಂದಿರಿಯ ಕಡೆ 25. 2020ರಲ್ಲಿ ಪ್ರಕಟವಾದ ಲೆಕ್ಕ ಇದು. ನೂರಕ್ಕೆ ಹನ್ನೊಂದು ಎಂಬ ಸಂಖ್ಯೆಯನ್ನು ಕಾಗದದ ಮೇಲೆ ಓದಿದರೆ ಏನೂ ಅನಿಸದು. ಆ ಹನ್ನೊಂದು ಮಕ್ಕಳನ್ನು ಒಂದು ಬೆಂಚಿನ ಮೇಲೆ ಕೂರಿಸಿ ನೋಡಿದರೆ ಅನಿಸೀತು.

ಇದರಲ್ಲಿ ಫೋನಿನ ಪಾಲೆಷ್ಟು, ಸೈಕಲ್ಲಿನ ಪಾಲೆಷ್ಟು, ಕೂಟದ ಪಾಲೆಷ್ಟು ಎಂದು ಬೇರೆ ಬೇರೆ ತೂಗಿಲ್ಲ. ತೂಗದಿದ್ದರೂ ನಷ್ಟವಿಲ್ಲ. ಫೋನಿನ ಹಿಂದೆ ಸೈಕಲ್ಲು ಇರಬೇಕು, ಸೈಕಲ್ಲಿನ ಮೇಲೆ ಒಬ್ಬ ಮನುಷ್ಯ ಇರಬೇಕು, ಆ ಮನುಷ್ಯ ಅದೇ ಗುಳಿಗೆಯನ್ನು ತಾನೂ ನುಂಗುತ್ತಿರಬೇಕು ಎಂಬುದೇ ನಮ್ಮ ವಾದ. ದಕ್ಷಿಣ ಆಫ್ರಿಕದಲ್ಲಿ ‘ಖುಲುಮ’, ಅಂದರೆ "ಮಾತಾಡು", ಎಂಬ ಹೆಸರಿನಲ್ಲಿ ಸೋಂಕಿರುವ ಹುಡುಗರ ಚಿಕ್ಕ ಚಿಕ್ಕ ಗುಂಪುಗಳನ್ನು ಫೋನ್ ಸಂದೇಶದ ಮೂಲಕವೇ ಕೂಡಿಸಿದ್ದಾರೆ. ಅಲ್ಲಿಯೂ ಮಾತಾಡುವವರು ಹುಡುಗರೇ. ಬುದ್ಧಿ ಹೇಳುವ ಹಿರಿಯರ ಉಪನ್ಯಾಸವಲ್ಲ. ವೈದ್ಯರು ಹೇಳಿದರೆ ಅದು ಅಪ್ಪಣೆ. ಅತ್ತೆ ಹೇಳಿದರೆ ಅದು ಹಂಗು. ತನ್ನ ವಯಸ್ಸಿನವಳೊಬ್ಬಳು "ನನಗೂ ಮೊದಲ ವರ್ಷ ವಾಂತಿ ಬರುತ್ತಿತ್ತು ಕಣೇ, ಊಟ ಮಾಡಿ ಮಲಗುವ ಹೊತ್ತಿಗೆ ತಗೋ" ಎಂದರೆ ಅದು ಬೇರೆ ಮಾತು. ಗಿರಣಿಗೆ ಹೊಸದಾಗಿ ಸೇರಿದ ಹುಡುಗನಿಗೆ ಮ್ಯಾನೇಜರು ಹೇಳಿಕೊಡುವುದಕ್ಕೂ ಪಕ್ಕದ ಯಂತ್ರದ ಅಣ್ಣ ಹೇಳಿಕೊಡುವುದಕ್ಕೂ ಇರುವ ಅಂತರ ನಿಮಗೆ ನಾವು ವಿವರಿಸಬೇಕಾಗಿಲ್ಲ.

ಇನ್ನು ಫೋನಿನ ಮಾತು. "ಎಲ್ಲರ ಜೇಬಿನಲ್ಲಿಯೂ ಫೋನಿದೆ" ಎಂಬ ಮಾತು ಯಾರ ಜೇಬನ್ನು ನೋಡಿ ಆಡಿದ್ದು? ಕೇಂದ್ರ ಸರ್ಕಾರವೇ 2019ರಿಂದ 2021ರವರೆಗೆ ನಡೆಸಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾನೇ ಬಳಸುವ ಸ್ವಂತ ಫೋನು ಇದ್ದದ್ದು ದೇಶದ ಹೆಂಗಸರಲ್ಲಿ ನೂರಕ್ಕೆ 54 ಜನರಿಗೆ. ಉಳಿದವರದು ಗಂಡನ ಫೋನು, ಅಣ್ಣನ ಫೋನು. ಅಣ್ಣನ ಫೋನಿಗೆ ತಂಗಿಯ ಎಚ್.ಐ.ವಿ. ಗುಳಿಗೆಯ ನೆನಪೋಲೆ ಬಂದರೆ ಆ ಮನೆಯಲ್ಲಿ ಆ ರಾತ್ರಿ ಏನಾದೀತು? ಕೆನ್ಯಾದವರು ಬರಿಯ "ಹೇಗಿದ್ದೀರಿ?" ಎಂದು ಕಳಿಸಿದ್ದರ ಜಾಣತನ ಇಲ್ಲಿದೆ.

ರೀಚಾರ್ಜ್ ಮಾಡಿಕೊಡುವ ಅಂಗಡಿಯ ಬಂಧುಗಳಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತು. 2024ರ ಜುಲೈ ತಿಂಗಳಲ್ಲಿ ಮೂರು ಖಾಸಗಿ ಫೋನ್ ಕಂಪನಿಗಳೂ ಒಂದೇ ವಾರದಲ್ಲಿ ದರ ಏರಿಸಿದವು. ಮೂವರು ಕಿರಾಣಿ ವ್ಯಾಪಾರಿಗಳು ಒಂದೇ ವಾರ ಬೇಳೆಯ ಬೆಲೆ ಏರಿಸಿದರೆ ಕೂಟ ಕಟ್ಟಿದ್ದಾರೆಂದು ಕೂಗಾಡುವ ಪತ್ರಿಕೆಗಳು ಆಗ ಅದನ್ನು ಮಾರುಕಟ್ಟೆಯ ಸಹಜ ಧರ್ಮವೆಂದು ಬರೆದವು. ಕೆಲಸ ಬಿಟ್ಟುಹೋದ ಹುಡುಗ ಮೊದಲು ನಿಲ್ಲಿಸುವ ಖರ್ಚೇ ರೀಚಾರ್ಜು. ಕೆಲವು ತಿಂಗಳು ಕಳೆದರೆ ನಂಬರೇ ಹೋಗುತ್ತದೆ. ಕೆಲಸ ಹೋದಾಗ, ಊರು ಬಿಟ್ಟಾಗ, ಯಾವಾಗ ಅವನಿಗೆ ಗೆಳೆಯನ ದನಿ ಹೆಚ್ಚು ಬೇಕೋ ಆಗಲೇ ಯಂತ್ರ "ಈ ಸಂಖ್ಯೆ ಚಾಲ್ತಿಯಲ್ಲಿಲ್ಲ" ಎಂದು ಬರೆದುಕೊಂಡು ಮುಂದಕ್ಕೆ ಹೋಗುತ್ತದೆ. ಸೈಕಲ್ಲಿನವನು ಹೋಗುವುದಿಲ್ಲ.

ನೆನಪಿಸುವುದಕ್ಕೆ ಗುಳಿಗೆಯಾದರೂ ಇರಬೇಕಷ್ಟೆ! 2022ರ ಜುಲೈಯಲ್ಲಿ ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯ ಮುಂದೆ ಸೋಂಕಿತರು ಧರಣಿ ಕೂತರು. ತಿಂಗಳಿಗೂ ಮೀರಿ ಕೂತರು. ಔಷಧಿ ಸಾಲದೆ, ತಿಂಗಳಿಗೆ ಕೊಡಬೇಕಾದಲ್ಲಿ ಕೆಲವು ದಿನಗಳಿಗಷ್ಟೇ ಕೊಟ್ಟು ಕಳಿಸುತ್ತಿದ್ದಾರೆಂಬುದು ಅವರ ದೂರು. ಇಂಥ ಕೊರತೆಯನ್ನು ಮೊದಲು ತಿಳಿಯುವವನೂ ಫೋನಿನ ಆಚೆ ತುದಿಯಲ್ಲಿರುವ ಗೆಳೆಯನೇ. ಅವನು ದೂರು ಕೊಡಬಲ್ಲ, ಜೊತೆಯವರನ್ನು ಕರೆದು ಧರಣಿ ಕೂರಬಲ್ಲ. ಯಂತ್ರವನ್ನು ಮೆಚ್ಚುವವರು ಮೆಚ್ಚುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನಮಗೆ ಗುಮಾನಿ.

ಇಲ್ಲಿಗೆ ಕೂಲಿಯ ಪ್ರಶ್ನೆ ಬಂತು. "ಸರಿ, ಸೋಂಕಿರುವ ಯುವಕರನ್ನೇ ಸ್ವಯಂಸೇವಕರನ್ನಾಗಿ ಹಾಕೋಣ" ಎಂದು ಅಧಿಕಾರಿಗಳು ನಾಳೆಯೇ ಒಪ್ಪಿಯಾರು. ‘ಸ್ವಯಂಸೇವಕ’ ಎಂಬ ಪದ ಬಂದಲ್ಲಿ ಕಾರ್ಮಿಕನು ಜೇಬು ಮುಟ್ಟಿ ನೋಡಿಕೊಳ್ಳಬೇಕು. ಆಶಾ ಅಕ್ಕಂದಿರನ್ನೂ ಹೀಗೆಯೇ ಕರೆದರು. ಬಾಣಂತಿಯ ಮನೆಯಿಂದ ಕೋವಿಡ್ ಮನೆಯವರೆಗೆ ಅಲೆದ ಆ ಹೆಂಗಸರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಮಲಗಿ, ತಿಂಗಳಿಗೆ 15,000 ರೂಪಾಯಿ ಕೇಳಿ, ಕಡೆಗೆ 10,000ದ ಭರವಸೆ ಪಡೆದು ಎದ್ದರು. ಜ್ವಂದಿರಿಯ ತರುಣರ ಭತ್ಯೆ ಚಿಕ್ಕದೆಂಬುದನ್ನೂ ನಾವು ಬಚ್ಚಿಡುವುದಿಲ್ಲ. ಅಲ್ಲಿಯ ಒಳ್ಳೆಯದನ್ನು ತರೋಣ, ಅಗ್ಗದ ಕೂಲಿಯನ್ನು ತರುವುದು ಬೇಡ.

ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಹತ್ತಾರು ಮಂದಿಯ ಅಳಲನ್ನು ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾಳೆ. ಅವಳಿಗೂ ಅದೇ ಭಯ, ಅದೇ ಗುಳಿಗೆ. ತನ್ನ ಹೊಣೆಯಲ್ಲಿದ್ದ ಹುಡುಗನೊಬ್ಬ ಸತ್ತರೆ ಮರುದಿನ ಮತ್ತೆ ಫೋನು ಹಿಡಿಯಬೇಕು. ಇದು ಕೆಲಸ, ಕಷ್ಟದ ಕೆಲಸ. ಕನಿಷ್ಠ ಕೂಲಿ, ವಾರದ ರಜೆ, ಮಾತಾಡುವ ಗಂಟೆಗಳ ಮಿತಿ, ಮೇಲೆ ನಿಂತು ಅವಳ ಮನಸ್ಸನ್ನೂ ನೋಡಿಕೊಳ್ಳುವ ಅನುಭವಿ ದಾದಿ, ಕೆಲಸಕ್ಕೆ ಬೇಕಾದ ಫೋನು ಮತ್ತು ರೀಚಾರ್ಜು ಇಲಾಖೆಯ ಖರ್ಚು: ಇಷ್ಟಿಲ್ಲದೆ ಇದನ್ನು ಆರಂಭಿಸತಕ್ಕದ್ದಲ್ಲ. ಗುಟ್ಟು ಹೊರಬಿದ್ದರೆ ಯಾರು ಹೊಣೆ ಎಂಬುದೂ ಬರಹದಲ್ಲಿ ಇರಬೇಕು. ಒಪ್ಪಿಗೆಯಿಲ್ಲದೆ ಒಬ್ಬನ ಸೋಂಕಿನ ಸುದ್ದಿಯನ್ನು ಹೊರಗೆ ಹೇಳುವುದನ್ನು 2017ರ ಕಾನೂನು ನಿಷೇಧಿಸಿದೆ.

"ದುಡ್ಡೆಲ್ಲಿದೆ?" ಎನ್ನುತ್ತಾರೆ. ಇದನ್ನೂ ಜಿಂಬಾಬ್ವೆಯವರನ್ನೇ ಕೇಳೋಣ. ಆ ಬಡ ದೇಶ 1999ರಲ್ಲಿ ಕಾಯಿದೆ ಮಾಡಿ, ಜನರೂ ಕಂಪನಿಗಳೂ ಕೊಡುವ ಆದಾಯ ತೆರಿಗೆಯ ಮೇಲೆ ನೂರಕ್ಕೆ 3ರಷ್ಟು ಏಡ್ಸ್ ಕರ ಹಾಕಿತು. ಕಂಪನಿಯೂ ಕೊಡಬೇಕು ಎಂಬುದನ್ನು ಗಮನಿಸಿ. ಆ ಹಣದಿಂದ ಔಷಧಿ ಕೊಳ್ಳುತ್ತಾರೆ. ಇದು ಸಾಲದೆ ಅಮೆರಿಕದ ನೆರವನ್ನೂ ನೆಚ್ಚಿಕೊಂಡಿದ್ದರು. 2025ರ ಜನವರಿ 20ರಂದು ಅಮೆರಿಕದ ಹೊಸ ಅಧ್ಯಕ್ಷರು ಗದ್ದುಗೆಯೇರಿದ ದಿನವೇ ಒಂದು ರುಜು ಹಾಕಿ ಹೊರದೇಶಗಳ ನೆರವನ್ನು ತಡೆಹಿಡಿದರು. ಆಫ್ರಿಕದ ಎಷ್ಟೋ ಚಿಕಿತ್ಸಾಲಯಗಳಲ್ಲಿ ಮೊದಲು ಮನೆಗೆ ಹೋದವರು ಇಂಥ ಸಮುದಾಯದ ಕಾರ್ಯಕರ್ತರೇ. ದಾನಿಯ ದುಡ್ಡಿನಲ್ಲಿ ನಡೆಯುವ ಕೆಲಸಕ್ಕೆ ದಾನಿಯ ಮರ್ಜಿಯೇ ಆಯುಸ್ಸು. ನಮಗೆ ಆ ಕಷ್ಟವೂ ಇಲ್ಲ. ನಮ್ಮ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಬಹುಮಟ್ಟಿಗೆ ಕೇಂದ್ರ ಸರ್ಕಾರದ ಬೊಕ್ಕಸದಿಂದಲೇ ನಡೆಯುತ್ತದೆ. 2021ರಿಂದ 2026ರವರೆಗಿನ ಅವಧಿಗೆ 15,000 ಕೋಟಿ ರೂಪಾಯಿಗೂ ಮಿಕ್ಕಿ ಮಂಜೂರಾಗಿತ್ತು. ಹಣವಿದೆ. ಜಿಲ್ಲೆಗೆ ಹತ್ತು ಮಂದಿ ಯುವಕರ ಸಂಬಳ ಅದರಲ್ಲಿ ಹಿಡಿಸದೆ?

ರಾಜ್ಯದ ಹಲವು ಜಿಲ್ಲೆಗಳಲ್ಲಿ ಸೋಂಕಿತರ ಸಂಘಗಳಿವೆ. ಆಸ್ಪತ್ರೆಯ ಅಂಗಳದಲ್ಲಿ ಕೂತು ಹೊಸಬರಿಗೆ ಧೈರ್ಯ ಹೇಳುವ ಕೆಲಸವನ್ನು ಅವರು ಎಷ್ಟೋ ವರ್ಷಗಳಿಂದ ಬಹುಪಾಲು ಬಿಟ್ಟಿಯಾಗಿಯೇ ಮಾಡಿದ್ದಾರೆ. ಯುವಕರನ್ನು ಆರಿಸುವ ಅಧಿಕಾರವನ್ನು ಯಾವುದೋ ಗುತ್ತಿಗೆ ಕಂಪನಿಗೆ ಕೊಡದೆ ಈ ಸಂಘಗಳ ಕೈಗೆ ಕೊಡಬೇಕು. ಜಿಲ್ಲಾ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರ ಭಾನುವಾರವೂ ಸಂಜೆಯೂ ತೆರೆದಿದ್ದರೆ ಪಾಳಿಯ ಹುಡುಗ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಇದಕ್ಕೆ ಆ್ಯಪ್ ಬೇಡ, ಒಂದು ಆಜ್ಞೆ ಸಾಕು.

ಗಿರಣಿಯ ಬಂಧುಗಳು ಈ ವಾರವೇ ಮಾಡಬಹುದಾದ ಕೆಲಸವೂ ಇದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪ್ರತಿಯೊಂದು ಸಂಸ್ಥೆಯೂ ಎಚ್.ಐ.ವಿ. ಕಾನೂನಿನಂತೆ ದೂರು ಕೇಳುವ ಅಧಿಕಾರಿಯೊಬ್ಬರನ್ನು ನೇಮಿಸಬೇಕು. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಕೆಲಸ ಕೊಡುವ ಮುನ್ನ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವಂತಿಲ್ಲ. ಈ ಕಾನೂನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಗಿರಣಿಯಲ್ಲಿ ಆ ಅಧಿಕಾರಿ ಯಾರೆಂದು ಮ್ಯಾನೇಜರರನ್ನು ಸಂಘದ ಮೂಲಕ ಬರಹದಲ್ಲಿ ಕೇಳಿರಿ. ಒಬ್ಬನ ಹೆಸರನ್ನೂ ಹೇಳಬೇಕಾಗಿಲ್ಲ, ಯಾರಿಗೆ ಸೋಂಕಿದೆಯೆಂದು ತಿಳಿಯಬೇಕಾಗಿಯೂ ಇಲ್ಲ. ಉತ್ತರದ ನಕಲನ್ನು ನಮ್ಮ ಕಚೇರಿಗೆ ತಲುಪಿಸಿದರೆ ಗಿರಣಿಯ ಹೆಸರಿನೊಡನೆ ಅಚ್ಚು ಹಾಕುತ್ತೇವೆ. ಉತ್ತರವೇ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.